ಬೆಳಗಾದರೂ ಏಳದ ಚಿಪ್: ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಪ್ರಕರಣ

ಪುಷ್ಯ ಮಳೆ ಹಿಡಿದು ಒಂದು ವಾರವಾಗಿತ್ತು. ಬೆಳಿಗ್ಗೆ ಅಪ್ಪಯ್ಯ ಫೋನ್ ಮಾಡಿದರು. "ಟವರ್ ನಿನ್ನೆಯೇ ಬಂತು ಮಗಾ, ಕರೆಂಟೂ ಬಂತು. ನಿನ್ನ ಡಬ್ಬಿ ಮಾತ್ರ ಎಂತದೂ ಕಳಿಸ್ತಾ ಇಲ್ಲ."

ಡಬ್ಬಿ ಎಂದರೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ನಮ್ಮ ತೋಟದ ಮೇಲಂಚಿನಲ್ಲಿ ಕಬ್ಬಿಣದ ಕಂಬಕ್ಕೆ ಕಟ್ಟಿದ ಮಳೆ ಲೆಕ್ಕದ ಯಂತ್ರ. ಪುಟ್ಟ ತೊಟ್ಟಿಲಿನಂಥ ಬಕೆಟ್ 0.2 ಮಿಲಿಮೀಟರ್ ಮಳೆ ತುಂಬಿದಾಗಲೆಲ್ಲ ಒಮ್ಮೆ ಮಗುಚುತ್ತದೆ; ಅದಕ್ಕೆ ಅಂಟಿಸಿದ ಆಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗಿ ಒಂದು ಎಣಿಕೆ ಸೇರುತ್ತದೆ. ಜೊತೆಗೆ ಗೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂದು ಅಳೆಯುವ ಒಂದು ಸೆನ್ಸರ್. ಗಂಟೆಗೊಮ್ಮೆ ಮೊಡೆಮ್ ಎದ್ದು ಲೆಕ್ಕ ಕಳಿಸಿ ಮಲಗುತ್ತದೆ. ಇದೆಲ್ಲ ನಡೆಯುವುದು ಒಂದು ವಾಟ್‌ನ ಸೋಲಾರ್ ಪ್ಯಾನಲ್ ಮತ್ತು 1500 ಮಿಲಿಆಂಪಿಯರ್-ಗಂಟೆಯ ಒಂದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನಿಂದ. ಪ್ಯಾನಲ್‌ಗೂ ಸೆಲ್‌ಗೂ ಮೊಡೆಮ್‌ಗೂ ನಡುವೆ ಕೂತು ವಿದ್ಯುತ್ತಿನ ಯಜಮಾನಿಕೆ ನೋಡಿಕೊಳ್ಳುವುದು ಒಂದು ಪವರ್ ಮ್ಯಾನೇಜ್‌ಮೆಂಟ್ ಚಿಪ್. ಆ ಚಿಪ್ಪಿನ ಒಂದು ಭಾಗ ನಾನು ವಿನ್ಯಾಸ ಮಾಡಿದ್ದು. ಬೆಂಗಳೂರಿನಲ್ಲಿ ನಾನಿರುವ ತಂಡದ ಮೊದಲ ಪರೀಕ್ಷಾ ಚಿಪ್ ಅದು; ಕೆಲವು ಬೋರ್ಡ್‌ಗಳನ್ನು ಹೊರಗೆ ಇಟ್ಟು ನೋಡೋಣವೆಂದು ಹಂಚಿದಾಗ ಒಂದನ್ನು ನಾನೇ ಕೇಳಿ ಊರಿಗೆ ತಂದಿದ್ದೆ.

ತಂದದ್ದಕ್ಕೆ ಕಾರಣವಿತ್ತು. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸೆರಗಿನಲ್ಲಿ ಅಡಿಕೆ ಬೆಳೆಯುವವರಿಗೆ, ಒದ್ದೆಯಲ್ಲೇ ಇರುವ ಕಾಯಿಗಳನ್ನು ಕೊಳೆಸುವ ಕೊಳೆರೋಗದ ಭಯ ಹುಟ್ಟಿನಿಂದ ಬಂದದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಳೆಗಾಲ ಹಿಡಿಯುವ ಮೊದಲೊಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಆ ಎರಡನೇ ಸಲ ಯಾವಾಗ ಎನ್ನುವುದೇ ಪ್ರತಿ ವರ್ಷದ ಸಂಕಟ. ಮಳೆ ಬಿಡುವು ಕೊಡಬೇಕು, ಮರ ಹತ್ತಿ ಹೊಡೆಯುವ ಕೊನೆಗಾರ ಸಿಗಬೇಕು, ಹೊಡೆದದ್ದು ಒಣಗಲು ಹೊತ್ತು ಸಿಗಬೇಕು. ಗೊನೆ ಎಷ್ಟು ಗಂಟೆಯಿಂದ ಒದ್ದೆಯಾಗಿದೆ ಎಂಬ ಲೆಕ್ಕ ಕೈಯಲ್ಲಿದ್ದರೆ ಆ ತೀರ್ಮಾನಕ್ಕೆ ಒಂದು ಊರುಗೋಲು ಸಿಗುತ್ತದೆ. ಹಾಗಾಗಿ ಡಬ್ಬಿ ಬಾಯಿ ಮುಚ್ಚಿದ್ದು ನನ್ನ ಕೆಲಸದ ಮಟ್ಟಿಗಷ್ಟೇ ಅಲ್ಲ, ಮನೆಯ ಮಟ್ಟಿಗೂ ಕೆಟ್ಟ ಹೊತ್ತಿನಲ್ಲಿ.

ಸೆಲ್ ಬರಿದಾದದ್ದು ತಪ್ಪಲ್ಲ

ಮೊದಲು ಸುಲಭದ ಭಾಗ. ಮರ ಬಿದ್ದು ಲೈನ್ ಹೋಗಿತ್ತು. ಎರಡು ದಿನಕ್ಕೆ ಟವರಿನ ಬ್ಯಾಟರಿ, ಡೀಸೆಲ್ ಎರಡೂ ಮುಗಿದವು. ಸಿಗ್ನಲ್ ಇಲ್ಲದಾಗ ಮೊಡೆಮ್ ಸುಮ್ಮನೆ ಮಲಗುವುದಿಲ್ಲ, ಹುಡುಕುತ್ತದೆ. ಗಂಟೆಗೆ ಆರು ನಿಮಿಷ, ಸುಮಾರು 100 ಮಿಲಿಆಂಪಿಯರ್. ಸರಾಸರಿ ಮಾಡಿದರೆ ಎಡೆಬಿಡದೆ 10 ಮಿಲಿಆಂಪಿಯರ್ ಎಳೆದ ಹಾಗೆ. ತುಂಬಿದ ಸೆಲ್ ಕೂಡ 150 ಗಂಟೆಗೆ, ಅಂದರೆ ಆರು ದಿನ ಚಿಲ್ಲರೆಗೆ ಮುಗಿಯುತ್ತದೆ, ನಮ್ಮದು ತುಂಬಿರಲಿಲ್ಲ. ಅತ್ತ ಪುಷ್ಯ ಮಳೆಯ ಮೋಡದಡಿ ಪ್ಯಾನಲ್ ಕೊಡುವುದು ಬಿಸಿಲಿನಲ್ಲಿ ಕೊಡುವುದರ ಸಣ್ಣ ಪಾಲು ಮಾತ್ರ.

ಸೆಲ್ 2.5 ವೋಲ್ಟಿಗೆ ಇಳಿದಾಗ ನಮ್ಮ ಚಿಪ್ ಅದನ್ನು ಪೂರ್ತಿ ಬೇರ್ಪಡಿಸುತ್ತದೆ. ಅದಕ್ಕಿಂತ ಕೆಳಗೆ ಹೀರಿದರೆ ಸೆಲ್ ಒಳಗಿಂದ ಹಾಳಾಗುತ್ತದೆ, ಹಾಗಾಗಿ ಇದು ಬೇಕೆಂದೇ ಇಟ್ಟ ನಡೆ. ಬೇರ್ಪಡಿಸಿದ ಮೇಲೆ ರಾತ್ರಿ ಚಿಪ್ಪಿಗೆ ಅನ್ನವೇ ಇಲ್ಲ, ಪೂರ್ತಿ ಆರಿಹೋಗುತ್ತದೆ. ಬೆಳಿಗ್ಗೆ ಪ್ಯಾನಲ್‌ಗೆ ಬೆಳಕು ಬಿದ್ದಾಗ ಅದೇ ಬೆಳಕಿನಲ್ಲಿ ಎದ್ದು, ಸೆಲ್‌ಗೆ ಮೆಲ್ಲಗೆ ಚಾರ್ಜ್ ತುಂಬಿ, ಮತ್ತೆ ಕೆಲಸ ಶುರು ಮಾಡಬೇಕು. ನಮ್ಮ ಕಡತದಲ್ಲಿ ಇದನ್ನು ಬರೆದದ್ದು ಒಂದೇ ಸಾಲು. ಆ ಸಾಲು ನಡೆಯಲಿಲ್ಲ ಎನ್ನುವುದೇ ಈ ಪ್ರಕರಣ.

ಏಕೆಂದರೆ ಆಮೇಲಿನ ಎರಡು ದಿನ ಮಳೆ ಹೊಳವಾಗಿತ್ತು. ಮಧ್ಯಾಹ್ನ ಚೆನ್ನಾಗಿ ಬಿಸಿಲೂ ಬಿತ್ತು. ಡಬ್ಬಿ ಏಳಲಿಲ್ಲ.

ನಾನು ಫೋನಿನಲ್ಲೇ ಕೇಳಿದ್ದು, ನೀರು ಒಳಗೆ ಹೋಗಿದೆಯಾ ಅಂತ. ಮಲೆನಾಡಿನಲ್ಲಿ ಎಲೆಕ್ಟ್ರಾನಿಕ್ಸ್ ಸತ್ತರೆ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. ಅಪ್ಪಯ್ಯ ಏಣಿ ಹಾಕಿ ಮುಚ್ಚಳ ತೆಗೆದು ನೋಡಿದರು. ಒಳಗೆ ಒಣಗಿತ್ತು. ಪ್ಯಾನಲ್‌ನಿಂದ ಬರುವ ವೈರಿನ ಪಿನ್ ಹಸಿರುಗಟ್ಟಿರಬಹುದೆಂದು ಅದನ್ನು ಕಳಚಿ, ಪಂಚೆಯ ಚುಂಗಿನಲ್ಲಿ ಒರೆಸಿ, ಎರಡು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದರು. ಸಿಕ್ಕಿಸಿದ್ದೇ ತಡ, ಚಾರ್ಜಿಂಗ್ ದೀಪ ಮಿನುಗಿತು.

"ಸತ್ತಿರಲಿಲ್ಲ ಮಗಾ, ಎಬ್ಬಿಸಿದ ಮೇಲೆ ಎದ್ದಿತು," ಅಂದರು.

ಪಿನ್ ಕೊಳೆಯಾಗಿತ್ತು, ಒರೆಸಿದ್ದಕ್ಕೆ ಸರಿಹೋಯಿತು ಎಂದು ನಾನು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಒಂದು ದಿನ ಹಾಗೇ ಬಿಟ್ಟೂ ಇದ್ದೆ. ನಿದ್ದೆಗೆಡಿಸಿದ್ದು ಅವರು ಆ ಮಾತಿನ ಕೊನೆಗೆ ಸೇರಿಸಿದ ವಾಕ್ಯ: "ಪಿನ್ ಎಂತದೂ ಆಗಿರಲಿಲ್ಲ, ಹೊಳೀತಿತ್ತು."

ಮೂರು ಬೆಳಗು

ಆ ವಾರಾಂತ್ಯ ಊರಿಗೆ ಹೋದೆ. ಮೊದಲು ಮಾಡಿದ್ದು ಡಬ್ಬಿಯನ್ನು ಬೇಕೆಂದೇ ಬರಿದಾಗಿಸಿದ್ದು. ಸೆಲ್ ಬೇರ್ಪಡಿಸುವ ಮಟ್ಟಕ್ಕೆ ಇಳಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೋಡಿದರೆ ಪ್ಯಾನಲ್ ತುದಿಯಲ್ಲಿ 4.7 ವೋಲ್ಟ್ ಇದೆ, ಚಿಪ್ ಮಾತ್ರ ಸುಮ್ಮನಿದೆ. ಅಂದರೆ ಅದು ಪ್ಯಾನಲ್‌ನಿಂದ ಏನನ್ನೂ ಎಳೆಯುತ್ತಿಲ್ಲ. ಒಳಗಿನ ರೆಫರೆನ್ಸ್, ಅಂದರೆ ಚಿಪ್ ಎಲ್ಲವನ್ನೂ ಹೋಲಿಸಿ ನೋಡುವ ವೋಲ್ಟೇಜ್, ಎಷ್ಟಿದೆ ನೋಡೋಣವೆಂದು ಪರೀಕ್ಷೆಯ ಪಿನ್ನಿಗೆ ಮಲ್ಟಿಮೀಟರಿನ ಮೊನೆ ತಾಗಿಸಿದೆ. ತಾಗಿಸಿದ ಕ್ಷಣಕ್ಕೇ ಚಿಪ್ ಎದ್ದುಬಿಟ್ಟಿತು. ಕೈಯಿಂದ, ಮೀಟರಿನ ವೈರಿನಿಂದ ಹೋದ ಚೂರು ಚಾರ್ಜ್ ಅಷ್ಟಕ್ಕೇ ಎಚ್ಚರವಾಯಿತು. ಸಾಕ್ಷಿ ಅಲ್ಲಿಗೇ ಅಳಿಸಿಹೋಯಿತು, ಒಂದು ದಿನವೂ ಹೋಯಿತು. ಆದರೆ ಆ ಕ್ಷಣಕ್ಕೇ ಅರ್ಧ ಉತ್ತರ ಗೊತ್ತಾಗಿತ್ತು, ಮತ್ತು ಅದು ನಾನು ವಿನ್ಯಾಸ ಮಾಡಿದ ಭಾಗದ ಕಡೆಗೇ ಬೆರಳು ತೋರಿಸುತ್ತಿತ್ತು.

ಎರಡನೇ ಬೆಳಗು ಚಿಪ್ಪನ್ನು ಮುಟ್ಟಲಿಲ್ಲ. ಐದೂವರೆಗೇ ಎದ್ದು ಅಪ್ಪಯ್ಯ ಕೊಡೆ ಹಿಡಿದರು, ನಾನು ಪ್ಯಾನಲ್ ತುದಿಯ ವೋಲ್ಟೇಜನ್ನು ನಿಮಿಷಕ್ಕೊಮ್ಮೆ ಬರೆದುಕೊಂಡೆ. ಟಾರ್ಚ್ ಹಾಕುವ ಹಾಗಿಲ್ಲ, ಅದರ ಬೆಳಕು ಪ್ಯಾನಲ್ ಮೇಲೆ ಬಿದ್ದರೆ ಅಳತೆ ಕೆಡುತ್ತದೆ. ಮೀಟರಿನ ಪರದೆಯ ಬೆಳಕಿನಲ್ಲೇ ಬರೆದದ್ದು. ಕತ್ತಲೆ ಕರಗುತ್ತಾ ಅಂಕಿ ತೆವಳುತ್ತಾ ಏರಿತು. ಹತ್ತಿರ ಹತ್ತಿರ ಸೊನ್ನೆಯಿಂದ 4 ವೋಲ್ಟಿಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಚಿಪ್ ಏಳಲಿಲ್ಲ.

ಹತ್ತು ಗಂಟೆಗೆ ಅಪ್ಪಯ್ಯನ ಕಂಬಳಿಕೊಪ್ಪೆಯನ್ನು ಪ್ಯಾನಲ್ ಮೇಲೆ ಹೊದಿಸಿ, ಕತ್ತಲೆ ಮಾಡಿ, ಸರಕ್ಕನೆ ಎಳೆದು ತೆಗೆದೆವು. ಬೆಳಕು ಬಂತು, ವೋಲ್ಟೇಜೂ ಬಂತು. ಆಗಲೂ ಚಿಪ್ ಏಳಲಿಲ್ಲ. ಪಿನ್ ಕಳಚಿ ಸಿಕ್ಕಿಸಿದೆವು. ಎದ್ದಿತು. ಮೂರನೇ ಬೆಳಗೂ ಅದೇ ಕ್ರಮ, ಅದೇ ಫಲ.

ಬೆಳಗಿನ ಬೆಳಕು, ಕೊಪ್ಪೆ, ಪಿನ್: ಎಷ್ಟು ವೋಲ್ಟ್ ಬಂತು ಎನ್ನುವುದು ಈ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ಎಷ್ಟು ಬೇಗ ಬಂತು ಎನ್ನುವುದು.

ಒಳಗಿನ ಕೊಳಗ

ಇಲ್ಲಿ ಚಿಪ್ಪಿನ ಒಳಗಿನ ಒಂದು ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಪವರ್ ಚಿಪ್ ಮಾಡುವುದೆಲ್ಲ ಹೋಲಿಕೆ. ಸೆಲ್ 2.5ಕ್ಕಿಂತ ಕೆಳಗಿದೆಯಾ? 3.6ಕ್ಕೆ ತುಂಬಿತಾ? ಹೊರಗೆ ಕೊಡುವ 1.8 ವೋಲ್ಟ್ ಸರಿ 1.8 ಇದೆಯಾ? ಹೋಲಿಸಲು ಬದಲಾಗದ ಒಂದು ಅಳತೆ ಬೇಕು. ಭತ್ತ ಅಳೆಯಲು ಕಣದಲ್ಲಿ ಒಂದು ಕೊಳಗ ಇದ್ದ ಹಾಗೆ. ಚಿಪ್ಪಿನ ಕೊಳಗವೇ ಬ್ಯಾಂಡ್‌ಗ್ಯಾಪ್ ರೆಫರೆನ್ಸ್, ಸುಮಾರು 1.2 ವೋಲ್ಟ್.

ಅದರ ಉಪಾಯ ಸೊಗಸಾದದ್ದು. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇರೆ ಬೇರೆ ಸಾಂದ್ರತೆಯ ಕರೆಂಟ್ ಹರಿಯುವ ಎರಡು ಟ್ರಾನ್ಸಿಸ್ಟರುಗಳ ಆ ವೋಲ್ಟೇಜುಗಳ ವ್ಯತ್ಯಾಸ ಮಾತ್ರ ಬಿಸಿಯೊಂದಿಗೆ ಏರುತ್ತದೆ. ಏರುವುದನ್ನು ತಕ್ಕಷ್ಟು ಹಿಗ್ಗಿಸಿ ಇಳಿಯುವುದಕ್ಕೆ ಕೂಡಿಸಿದರೆ ಬಿಸಿಗೆ ಹೆಚ್ಚುಕಡಿಮೆ ಅಲುಗದ ಒಂದು ವೋಲ್ಟೇಜ್ ಸಿಗುತ್ತದೆ. ಅದು ಸಿಲಿಕಾನ್‌ನ ಬ್ಯಾಂಡ್‌ಗ್ಯಾಪ್ ಎಂಬ ಶಕ್ತಿ ಅಂತರದ ಹತ್ತಿರವೇ ಬಂದು ನಿಲ್ಲುವುದರಿಂದ ಆ ಹೆಸರು. ಅಮೆರಿಕದ ಚಿಪ್ ಎಂಜಿನಿಯರುಗಳಾದ ಬಾಬ್ ವಿಡ್ಲರ್ 1971ರಲ್ಲಿ, ಪಾಲ್ ಬ್ರೋಕಾ 1974ರಲ್ಲಿ ಪ್ರಕಟಿಸಿದ ವಿನ್ಯಾಸಗಳ ಮಕ್ಕಳು ಮೊಮ್ಮಕ್ಕಳೇ ಇವತ್ತಿನ ಪವರ್ ಚಿಪ್‌ಗಳಲ್ಲಿ ಕೂತಿರುವುದು. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಓದಿದ ದಿನ. ಇದಕ್ಕೆ ಅತಿ ಸಣ್ಣ ಟ್ರಾನ್ಸಿಸ್ಟರೂ ಬೇಕಿಲ್ಲ. ನಮ್ಮ ಚಿಪ್ 180 ನ್ಯಾನೊಮೀಟರಿನದು. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿರುವುದೂ ಅದೇ ತಲೆಮಾರು. ಐದು ವೋಲ್ಟ್ ತಡೆದುಕೊಳ್ಳುವ ದಪ್ಪ ಪದರದ ಟ್ರಾನ್ಸಿಸ್ಟರ್ ಬೇಕಾದ ಕಡೆ ತೀರಾ ಸಣ್ಣದಕ್ಕೆ ಓಡಿ ಫಲವಿಲ್ಲ.

ಆದರೆ ಬ್ಯಾಂಡ್‌ಗ್ಯಾಪ್‌ಗೆ ಒಂದು ಹುಟ್ಟುಗುಣವಿದೆ. ಅದು ತನ್ನ ಕರೆಂಟನ್ನು ತಾನೇ ನಿರ್ಧರಿಸಿಕೊಳ್ಳುವ ಸುತ್ತು. ಕರೆಂಟ್ ಹರಿಯುತ್ತಿದ್ದರೆ ಅದೇ ಕರೆಂಟ್ ಮುಂದಿನ ಕರೆಂಟಿಗೆ ದಾರಿ ಮಾಡುತ್ತದೆ. ಹರಿಯದೇ ಇದ್ದರೆ? ಸೊನ್ನೆ ಕರೆಂಟ್ ಸೊನ್ನೆಗೇ ದಾರಿ ಮಾಡುತ್ತದೆ. ಎರಡೂ ನೆಲೆಗಳು ಗಟ್ಟಿ. ಮೇಲೆ ನಾಲ್ಕು ವೋಲ್ಟ್ ಇದ್ದರೂ ಒಳಗೆ ಸೊನ್ನೆಯಲ್ಲೇ ನಿಶ್ಚಿಂತೆಯಾಗಿ ಕೂರಬಲ್ಲದು. ಅದಕ್ಕೇ ಇದರ ಪಕ್ಕದಲ್ಲಿ ಯಾವಾಗಲೂ ಒಂದು ಸ್ಟಾರ್ಟಪ್ ಸರ್ಕ್ಯೂಟ್ ಇಡುತ್ತೇವೆ: ಶುರುವಿನಲ್ಲಿ ಒಮ್ಮೆ ನೂಕಿ, ಆಮೇಲೆ ಪಕ್ಕಕ್ಕೆ ಸರಿದು ನಿಲ್ಲುವುದು ಅದರ ಕೆಲಸ.

ಇದನ್ನು ಅಪ್ಪಯ್ಯನಿಗೆ ಹೇಳುತ್ತಿದ್ದಾಗ ಅವರು ನಡುವೆಯೇ ತಡೆದರು. "ನಮ್ಮ ಕೆರೆಯಿಂದ ಏರಿ ದಾಟಿಸಿ ಪೈಪ್ ಹಾಕಿದ್ದು ನೆನಪಿದೆಯಾ? ಪೈಪಿನಲ್ಲಿ ನೀರು ತುಂಬಿಸಿ ಬಿಟ್ಟರೆ ವರ್ಷಗಟ್ಟಲೆ ತನ್ನಷ್ಟಕ್ಕೆ ಹರೀತದೆ. ಖಾಲಿ ಇದ್ದರೆ ಕೆರೆ ತುಂಬಿದ್ರೂ ಒಂದು ತೊಟ್ಟೂ ಬರ್ಲಿಕ್ಕಿಲ್ಲ. ಇದೂ ಅದೇ ಅಲ್ವಾ?" ಅದೇ. ಆಮೇಲೆ ಅವರು ಹೇಳಿದ್ದು ನನಗೆ ಅಲ್ಲಿವರೆಗೆ ಹೊಳೆಯದ ಸಂಗತಿ. ಪೈಪಿನ ಡೊಂಕು ಏರಿಯ ಅಂಚಿಗೆ ತಗ್ಗಿನಲ್ಲಿದ್ದರೆ, ಒಂದೇ ಮಳೆಗೆ ಕೆರೆ ದಡಬಡ ಏರಿದಾಗ ನೀರು ಪೈಪನ್ನು ತುಂಬಿಕೊಂಡೇ ನುಗ್ಗಿ ಹರಿವು ತಾನಾಗಿ ಶುರುವಾಗುತ್ತದಂತೆ. ಜಿನುಗು ಮಳೆಗೆ ಮೆಲ್ಲಗೆ ಏರಿದರೆ ಡೊಂಕಿನ ತಳ ಸವರಿಕೊಂಡು ಸಣ್ಣ ಎಳೆಯಾಗಿ ಇಳಿದುಹೋಗುತ್ತದೆ, ಪೈಪ್ ತುಂಬುವುದೇ ಇಲ್ಲ. ನನ್ನ ಚಿಪ್ಪಿಗೆ ಬೆಳಗಿನ ಹೊತ್ತು ಆದದ್ದು ಅಕ್ಷರಶಃ ಇದು.

ನಮ್ಮ ಸ್ಟಾರ್ಟಪ್‌ನ ನೂಕುವ ಕೈ ಎಂದರೆ ಚಾರ್ಜ್ ಹಿಡಿದಿಡುವ, 2 ಪಿಕೊಫ್ಯಾರಡ್‌ನ ಒಂದು ಪುಟ್ಟ ಕೆಪ್ಯಾಸಿಟರ್. ಕೆಪ್ಯಾಸಿಟರಿನಲ್ಲಿ ಹರಿಯುವ ಕರೆಂಟ್ ವೋಲ್ಟೇಜ್ ಏರುವ ವೇಗಕ್ಕೆ ತಕ್ಕಂತೆ. ಇದನ್ನು ಆರಿಸಿದ್ದು ನಾನೇ, ಏಕೆಂದರೆ ಶುರುವಾದ ಮೇಲೆ ಇದು ಒಂದು ಎಲೆಕ್ಟ್ರಾನನ್ನೂ ತಿನ್ನುವುದಿಲ್ಲ. ಇಡೀ ಚಿಪ್ ಮಲಗಿರುವಾಗ ಅರ್ಧ ಮೈಕ್ರೊಆಂಪಿಯರಿಗಿಂತ ಕಡಿಮೆ ತಿನ್ನಬೇಕು ಎಂಬ ಗುರಿ ಇದ್ದಾಗ ಆ ಆಸೆ ಸಹಜ.

ಈಗ ಲೆಕ್ಕ ನೋಡಿ. ಪಿನ್ ಸಿಕ್ಕಿಸಿದಾಗ ಬಿಸಿಲಿನ ಪ್ಯಾನಲ್ 100 ಮಿಲಿಆಂಪಿಯರ್ ಕೊಟ್ಟು ಬೋರ್ಡಿನ 10 ಮೈಕ್ರೊಫ್ಯಾರಡ್ ಕೆಪ್ಯಾಸಿಟರನ್ನು ತುಂಬಿಸುತ್ತದೆ: ಸೆಕೆಂಡಿಗೆ 10,000 ವೋಲ್ಟ್ ವೇಗ. ಎರಡು ಪಿಕೊಫ್ಯಾರಡ್‌ನಲ್ಲಿ ಆಗ ಹರಿಯುವುದು 20 ನ್ಯಾನೊಆಂಪಿಯರ್. ನೂಕಲು ಧಾರಾಳ ಸಾಕು. ಕೊಪ್ಪೆ ಎಳೆದಾಗ ಅರ್ಧ ಸೆಕೆಂಡಿನಲ್ಲಿ ಐದು ವೋಲ್ಟ್ ಎಂದುಕೊಂಡರೆ ಅದೇ ಕೆಪ್ಯಾಸಿಟರಿನಲ್ಲಿ 20 ಪಿಕೊಆಂಪಿಯರ್, ಅಂದರೆ ಸಾವಿರದಲ್ಲೊಂದು ಪಾಲು. ಇಪ್ಪತ್ತು ನಿಮಿಷದ ಬೆಳಗಿನಲ್ಲಿ? ಸೆಕೆಂಡಿಗೆ ಮೂರು ಮಿಲಿವೋಲ್ಟ್ ಚಿಲ್ಲರೆ. ಕರೆಂಟ್ 7 ಫೆಮ್ಟೊಆಂಪಿಯರ್ ಕೂಡ ಇಲ್ಲ; ಫೆಮ್ಟೊ ಎಂದರೆ ಪಿಕೊದ ಸಾವಿರದಲ್ಲೊಂದು ಪಾಲು. ಆ ಜಾಗದಲ್ಲಿ ಆಫ್ ಆಗಿ ನಿಂತ ಟ್ರಾನ್ಸಿಸ್ಟರುಗಳ ಸೋರಿಕೆಯೇ ಹತ್ತಾರು ಪಿಕೊಆಂಪಿಯರ್. ನೂಕಬೇಕಾದ ಚಾರ್ಜ್ ಬಂದ ಹಾಗೇ ಸೋರಿಹೋಗುತ್ತದೆ.

ಜೂನ್ ತಿಂಗಳಿಡೀ ಏನೂ ಆಗದಿದ್ದುದಕ್ಕೂ ಇಲ್ಲೇ ಉತ್ತರವಿದೆ. ಡಬ್ಬಿ ಇಟ್ಟ ದಿನ ಸೆಲ್ ಸಿಕ್ಕಿಸಿದಾಗ ಚಿಪ್ ಎದ್ದಿತ್ತು. ಆಮೇಲೆ ಒಮ್ಮೆಯೂ ಮಲಗಿ ಏಳುವ ಪ್ರಸಂಗ ಬರಲಿಲ್ಲ.

ಸಿಮ್ಯುಲೇಶನ್ ಹೇಳಿದ ಸುಳ್ಳು

ಬೆಂಗಳೂರಿಗೆ ಬಂದು ಮೊದಲು, ಚಿಪ್ ಮಾಡಿಸುವ ಮುಂಚೆ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ್ದ ಹಳೆಯ ಸಿಮ್ಯುಲೇಶನ್‌ಗಳನ್ನು ತೆರೆದೆ. ವೋಲ್ಟೇಜ್ ಏರಿಕೆಗೆ ನಾನು ಕೊಟ್ಟಿದ್ದ ಅತಿ ನಿಧಾನದ ವೇಗ 100 ಮಿಲಿಸೆಕೆಂಡ್. ಲ್ಯಾಬಿನ ಪವರ್ ಸಪ್ಲೈ ಗುಂಡಿ ಒತ್ತಿದರೆ ಏರುವುದು ಅದಕ್ಕಿಂತ ಬೇಗ. ಅಲ್ಲಿ ಎಲ್ಲ ಚಿಪ್‌ಗಳೂ ಪ್ರತಿ ಸಲವೂ ಎದ್ದಿದ್ದವು. ಇಪ್ಪತ್ತು ನಿಮಿಷದ ಏರಿಕೆ ಕೊಟ್ಟು ಓಡಿಸಿದೆ, ತಪ್ಪು ಕಣ್ಣೆದುರು ಕಾಣುತ್ತದೆ ಎಂಬ ನಂಬಿಕೆಯಿಂದ. ಸಿಮ್ಯುಲೇಶನ್‌ನಲ್ಲಿ ಚಿಪ್ ಆರಾಮವಾಗಿ ಎದ್ದಿತು.

ಎರಡು ದಿನ ಇದರಲ್ಲೇ ಕಳೆದೆ. ತೋಟದಲ್ಲಿ ಕಣ್ಣಾರೆ ಕಂಡದ್ದನ್ನೇ ಅನುಮಾನಿಸುವ ಹಂತಕ್ಕೂ ಹೋದೆ. ತಂಡದ ಹಿರಿಯರೊಬ್ಬರು ನನ್ನ ಪರದೆ ನೋಡುತ್ತಾ, "ಜಿಮಿನ್ ಎಷ್ಟಿಟ್ಟಿದ್ದೀಯಮ್ಮ?" ಎಂದು ಕೇಳಿದಾಗ ಕಣ್ಣು ತೆರೆಯಿತು.

1970ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಶನ್ ಸಾಫ್ಟ್‌ವೇರ್ ಹುಟ್ಟಿದ ಕಾಲದಿಂದ ಈ ಬಗೆಯ ಸಾಫ್ಟ್‌ವೇರ್ ಒಂದು ಸಣ್ಣ ಸಹಾಯ ಮಾಡಿಕೊಳ್ಳುತ್ತದೆ. ಸಮೀಕರಣಗಳು ಉತ್ತರ ಸಿಗದೆ ತಿಣುಕಬಾರದೆಂದು ಟ್ರಾನ್ಸಿಸ್ಟರುಗಳ ಪ್ರತಿ ಜಂಕ್ಷನ್ನಿಗೂ ಅಡ್ಡಲಾಗಿ ಕಣ್ಣಿಗೆ ಕಾಣದ ಒಂದು ವಾಹಕವನ್ನು ಸೇರಿಸುತ್ತದೆ. ಅದೇ ಜಿಮಿನ್. ಸಾಮಾನ್ಯವಾಗಿ ಅದರ ಬೆಲೆ ಒಂದು ಪಿಕೊಸೀಮನ್ಸ್. ನಾಲ್ಕು ವೋಲ್ಟಿನಲ್ಲಿ ಅದು ಕೊಡುವುದು 4 ಪಿಕೊಆಂಪಿಯರ್. ಬೇರೆ ಸರ್ಕ್ಯೂಟುಗಳಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಾನು ಹುಡುಕುತ್ತಿದ್ದುದು 7 ಫೆಮ್ಟೊಆಂಪಿಯರಿನ ಕಥೆಯನ್ನು. ಅದಕ್ಕಿಂತ 600 ಪಟ್ಟು ದೊಡ್ಡ ಕರೆಂಟನ್ನು ಸಾಫ್ಟ್‌ವೇರೇ ಸುತ್ತಿನ ಎಲ್ಲ ಕೊಂಡಿಗಳಿಗೂ ಎಡೆಬಿಡದೆ ಕೊಡುತ್ತಿತ್ತು. ನನ್ನ ಬ್ಯಾಂಡ್‌ಗ್ಯಾಪನ್ನು ಎಬ್ಬಿಸುತ್ತಿದ್ದುದು ನನ್ನ ಸ್ಟಾರ್ಟಪ್ ಸರ್ಕ್ಯೂಟ್ ಅಲ್ಲವೇ ಅಲ್ಲ.

ಜಿಮಿನ್ ಅನ್ನು ಸಾವಿರ ಪಟ್ಟು ಇಳಿಸಿ, ಸೋರಿಕೆಗೆ ನಿಜವಾದ ಚಿಪ್ಪಿನಲ್ಲಿ ಅಳೆದ ಬೆಲೆ ಹಾಕಿ, ಉಷ್ಣತೆ 20 ಡಿಗ್ರಿಗೆ ತಂದೆ. ವೋಲ್ಟೇಜ್ ಏರಿತು, ರೆಫರೆನ್ಸ್ ಗೆರೆ ಸೊನ್ನೆಯಲ್ಲೇ ಮಲಗಿತ್ತು. ತೋಟದಲ್ಲಿ ನೋಡಿದ್ದು ಪರದೆಯ ಮೇಲೆ ಬಂದಾಗ ಆದ ಸಮಾಧಾನವನ್ನು ಮರೆಯಲಾರೆ. ತಪ್ಪು ನನ್ನದೇ ಎಂದು ಸಾಬೀತಾದ ಗಳಿಗೆಯೂ ಅದೇ ಆಗಿತ್ತು, ಆದರೂ ಸಮಾಧಾನವೇ ಹೆಚ್ಚು.

ಲ್ಯಾಬಿನಲ್ಲಿ ಹಲಗೆಯ ಡಬ್ಬಿಯೊಳಗೆ ಪ್ಯಾನಲ್ ಇಟ್ಟು, ಎಲ್‌ಇಡಿ ದೀಪವನ್ನು ಇಪ್ಪತ್ತು ನಿಮಿಷದಲ್ಲಿ ಮೆಲ್ಲಗೆ ಹೊತ್ತಿಸುವ ಏರ್ಪಾಡು ಮಾಡಿದೆವು. ತಂಡದಲ್ಲಿ ಅದಕ್ಕೆ ಬೆಳಗಿನ ಟೆಸ್ಟ್ ಎಂದೇ ಹೆಸರಾಯಿತು. ಕೈಗೆ ಸಿಕ್ಕ ಚಿಪ್‌ಗಳಲ್ಲಿ ಕೆಲವು ಎದ್ದವು, ಹೆಚ್ಚಿನವು ಏಳಲಿಲ್ಲ. 85 ಡಿಗ್ರಿಯಲ್ಲಿ ಎಲ್ಲವೂ ಎದ್ದವು. ಬಿಸಿಯಲ್ಲಿ ಸುತ್ತಿನೊಳಗಿನ ಸೋರಿಕೆಯೇ ಜಾಸ್ತಿಯಾಗಿ ನೂಕುವ ಕೈಯಾಗುತ್ತದೆ. ಕಠಿಣ ಪರೀಕ್ಷೆಯೆಂದು ನಾವು ಬಿಸಿ ಕೋಣೆಯಲ್ಲಿ ಮಾಡಿದ್ದು ಈ ದೋಷಕ್ಕೆ ಅತಿ ಸುಲಭದ ಪರೀಕ್ಷೆಯಾಗಿತ್ತು. ಆಗಸ್ಟಿನ ಮಲೆನಾಡಿನ ತಣ್ಣನೆಯ ನಸುಕು ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಸಿಲಿಕಾನ್ ಬರುವವರೆಗೆ, ಬಂದ ಮೇಲೆ

ಹೊಸ ಚಿಪ್ ಬರಲು ತಿಂಗಳುಗಳು ಬೇಕು. ಅಲ್ಲಿವರೆಗೆ ತೋಟದ ಬೋರ್ಡಿಗೆ ಹೊರಗಿನಿಂದಲೇ ಒಂದು ವ್ಯವಸ್ಥೆ ಮಾಡಿದೆ. ನಿಧಾನದ ಏರಿಕೆಯನ್ನು ಚುರುಕಿನ ಏರಿಕೆಯಾಗಿ ಬದಲಿಸುವುದಷ್ಟೇ ಬೇಕಾದದ್ದು. ಪ್ಯಾನಲ್ ಕಡೆ 100 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್, ಅದರ ಮುಂದೆ ವೋಲ್ಟೇಜ್ ಪತ್ತೆ ಮಾಡುವ ಮೂರು ಕಾಲಿನ ಚಿಪ್, ಆಮೇಲೆ ಸ್ವಿಚ್ಚಾಗಿ ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರ್. ಪ್ಯಾನಲ್ 3.8 ವೋಲ್ಟ್ ಮುಟ್ಟುವವರೆಗೆ ದಾರಿ ಮುಚ್ಚಿರುತ್ತದೆ. ಮುಟ್ಟಿದಾಗ ಒಮ್ಮೆಗೇ ತೆರೆಯುತ್ತದೆ. ತೂಬಿನ ಹಲಗೆ ಎತ್ತಿದ ಹಾಗೆ.

ಮೊದಲು ಮಾಡಿದಾಗ ಅದು ಟಕಟಕನೆ ತೆರೆದು ಮುಚ್ಚಿ ಮಾಡುತ್ತಿತ್ತು. ಸ್ವಿಚ್ ತೆರೆದ ಕೂಡಲೇ 100 ಮೈಕ್ರೊಫ್ಯಾರಡ್‌ನ ಚಾರ್ಜ್ ಬೋರ್ಡಿನ 10 ಮೈಕ್ರೊಫ್ಯಾರಡ್‌ಗೂ ಹಂಚಿಕೆಯಾಗಿ ವೋಲ್ಟೇಜ್ 3.8ರಿಂದ 3.45ಕ್ಕೆ ಇಳಿಯುತ್ತದೆ, ಇಳಿದ ಕೂಡಲೇ ಪತ್ತೆದಾರ ಮತ್ತೆ ಮುಚ್ಚುತ್ತಾನೆ. ಮುಚ್ಚುವ ಮಟ್ಟವನ್ನು 2.8 ವೋಲ್ಟಿಗೆ ಇಳಿಸಿದ ಮೇಲೆ ಸರಿಹೋಯಿತು. ಬೆರಳುದ್ದದ ಆ ಪಟ್ಟಿಯನ್ನು ಆಶ್ಲೇಷ ಮಳೆಯ ಬಿಡುವಿನಲ್ಲಿ ಅಪ್ಪಯ್ಯನೇ ಜೋಡಿಸಿದರು. ಆಮೇಲೆ ಆ ವರ್ಷ ಡಬ್ಬಿ ಎರಡು ಸಲ ಬರಿದಾಗಿ ಎರಡು ಸಲವೂ ತಾನೇ ಎದ್ದಿತು.

ಚಿಪ್ಪಿನ ಒಳಗಿನ ಪರಿಹಾರಕ್ಕೆ ತಂಡದಲ್ಲಿ ಜಗಳವೇ ಆಯಿತು. ಕೆಪ್ಯಾಸಿಟರನ್ನು ದೊಡ್ಡದು ಮಾಡಿದರೆ ಸಾಕು ಎಂದು ಕೆಲವರು. ಹತ್ತು ಪಟ್ಟು ದೊಡ್ಡದು ಮಾಡಿದರೂ 7 ಫೆಮ್ಟೊ 70 ಆಗುತ್ತದೆ, ಅಷ್ಟೇ. ವೇಗವನ್ನು ನೆಚ್ಚಿಕೊಂಡ ಯಾವ ಉಪಾಯವೂ ಬೆಳಗಿಗೆ ಆಗದು ಎಂದು ನಾನು ಪಟ್ಟು ಹಿಡಿದೆ. ನೂಕುವ ಕೈ ವೋಲ್ಟೇಜ್ ಇದೆಯೇ ಎಂಬುದನ್ನು ಮಾತ್ರ ನೋಡಬೇಕು, ಅದು ಹೇಗೆ ಬಂತು ಎಂಬುದನ್ನಲ್ಲ. ಕೊನೆಗೆ ಉದ್ದ ಚಾನೆಲ್‌ನ ಟ್ರಾನ್ಸಿಸ್ಟರುಗಳನ್ನು ಸರಪಳಿಯಾಗಿ ಜೋಡಿಸಿ, ಮೇಲಿನಿಂದ ಸದಾ ಸುಮಾರು 5 ನ್ಯಾನೊಆಂಪಿಯರ್ ಜಿನುಗಿಸುವ ದಾರಿ ಇಟ್ಟೆವು. ರೆಫರೆನ್ಸ್ ಎದ್ದ ಮೇಲೆ ಅದನ್ನೇ ನೋಡಿಕೊಂಡಿರುವ ಇನ್ನೊಂದು ಟ್ರಾನ್ಸಿಸ್ಟರ್ ಆ ಜಿನುಗನ್ನು ಸುತ್ತಿನಿಂದ ಪಕ್ಕಕ್ಕೆ ತಿರುಗಿಸುತ್ತದೆ. ಹೊರೆ ಐದು ನ್ಯಾನೊಆಂಪಿಯರ್. 1500 ಮಿಲಿಆಂಪಿಯರ್-ಗಂಟೆಯ ಸೆಲ್ ಎದುರು ಅದು ಏನೂ ಅಲ್ಲ. ವರ್ಷವಿಡೀ ಹರಿದರೂ 0.05 ಮಿಲಿಆಂಪಿಯರ್-ಗಂಟೆ ಮುಟ್ಟುವುದಿಲ್ಲ. ಸೊನ್ನೆ ಎಂಬ ಅಂಕಿಯ ಮೋಹಕ್ಕೆ ನಾನು ಉಳಿಸಹೊರಟಿದ್ದು ಇಷ್ಟನ್ನು.

ಪುಣ್ಯಕ್ಕೆ ಮೊದಲ ವಿನ್ಯಾಸದಲ್ಲಿ ಆ ಬದಿಗೆ ಬಳಸದ ಟ್ರಾನ್ಸಿಸ್ಟರುಗಳನ್ನು ಬಿಟ್ಟಿದ್ದೆವು. ಅವನ್ನೇ ಬಳಸಿಕೊಂಡು ಮೇಲಿನ ಲೋಹದ ಪದರಗಳ ಮಾಸ್ಕ್, ಅಂದರೆ ಪದರದ ಚಿತ್ರ ಮೂಡಿಸುವ ಅಚ್ಚು, ಮಾತ್ರ ಬದಲಿಸಿದರೆ ಸಾಕಾಯಿತು. ಎಲ್ಲ ಮಾಸ್ಕ್‌ಗಳನ್ನೂ ಹೊಸದಾಗಿ ಮಾಡಿಸುವ ಖರ್ಚೂ ಸಮಯವೂ ಉಳಿಯಿತು. ಫ್ಯಾಕ್ಟರಿಯ ಪರೀಕ್ಷಾ ಯಂತ್ರದಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಕಟ್ಟುತ್ತಾರೆ. ಅಲ್ಲಿ ಪ್ರತಿ ಚಿಪ್ಪಿಗೂ ಇಪ್ಪತ್ತು ನಿಮಿಷದ ಬೆಳಗು ಮಾಡುವುದು ಆಗದ ಮಾತು. ಬದಲಿಗೆ, ಪರೀಕ್ಷೆಯ ಹೊತ್ತಿನಲ್ಲಿ ರೆಫರೆನ್ಸನ್ನು ಬಲವಂತವಾಗಿ ಸೊನ್ನೆಗೆ ಹಿಡಿದು, ವೋಲ್ಟೇಜ್ ಅಲುಗಿಸದೆ ಬಿಟ್ಟುಬಿಟ್ಟು, ತಾನೇ ಏಳುತ್ತದೆಯೇ ಎಂದು ನೋಡುವ ಒಂದು ಕ್ರಮ ಸೇರಿಸಿದೆವು. ಅದು ಮಿಲಿಸೆಕೆಂಡುಗಳ ಕೆಲಸ. ಬೆಳಗಿನ ಟೆಸ್ಟ್ ಪ್ರತಿ ಹೊಸ ವಿನ್ಯಾಸದ ಮಾದರಿ ಚಿಪ್‌ಗಳಿಗೆ ಉಳಿದಿದೆ, 20 ಡಿಗ್ರಿಯಲ್ಲಿ ಮತ್ತು ಅದಕ್ಕಿಂತ ತಣ್ಣಗೆ.

ಚಿಪ್ ಏಳಲು ಕಲಿತ ಮೇಲೆ ಇನ್ನೊಂದು ಹುಳುಕು ಕಾಣಿಸಿತು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜ್ ಮುಕ್ಕಾಲು ತುಂಬಿದ್ದಾಗಲೂ ಅರ್ಧವಿದ್ದಾಗಲೂ 3.2ರ ಆಸುಪಾಸಿನಲ್ಲೇ ಇರುತ್ತದೆ. ಬರಿದಾದ ಸೆಲ್ ಕೂಡ ಹೊರೆ ತೆಗೆದರೆ 2.5ರಿಂದ ತಾನಾಗಿ 2.9ರ ತನಕ ಪುಟಿದೇಳುತ್ತದೆ. ನಾವು ಮೊಡೆಮ್‌ಗೆ ಮತ್ತೆ ಕರೆಂಟ್ ಬಿಡುತ್ತಿದ್ದುದು 2.8 ವೋಲ್ಟಿಗೆ. ಹೀಗಾಗಿ ಇನ್ನೂ ಹೊಟ್ಟೆ ತುಂಬದ ಸೆಲ್ ಮೇಲೆ ಮೊಡೆಮ್ ಎದ್ದು ಎಳೆದು, ಮತ್ತೆ ಎಲ್ಲ ಆರಿ, ಬೆಳಿಗ್ಗೆ ಮೂರು ನಾಲ್ಕು ಸಲ ಇದೇ ನಡೆಯುತ್ತಿತ್ತು. ಮತ್ತೆ ಸೇರಿಸುವ ಮಟ್ಟವನ್ನು 3.2ಕ್ಕೆ ಏರಿಸಿ, ಅಷ್ಟು ವೋಲ್ಟೇಜ್ ಅರ್ಧ ಗಂಟೆ ನಿಂತರೆ ಮಾತ್ರ ಎಂಬ ಷರತ್ತು ಹಾಕಿದೆವು. ಇದಕ್ಕೆ ಸಿಲಿಕಾನ್ ಮುಟ್ಟಬೇಕಾಗಲಿಲ್ಲ, ಚಿಪ್ಪಿನ ಸೆಟ್ಟಿಂಗ್ ಹಿಡಿದಿಡುವ ರಿಜಿಸ್ಟರಿನ ಅಂಕಿ ಬದಲಿಸಿದರೆ ಆಯಿತು.

ಮುಂದಿನ ವರ್ಷ ಮೃಗಶಿರ ಮಳೆಗೆ ಮೊದಲೇ ಹೊಸ ಚಿಪ್ಪಿನ ಬೋರ್ಡ್ ಊರಿಗೆ ಒಯ್ದೆ. ಬೆರಳುದ್ದದ ಪಟ್ಟಿ ತೆಗೆದಿಟ್ಟು, ಸೆಲ್ ಬರಿದು ಮಾಡಿ, ರಾತ್ರಿ ಬಿಟ್ಟೆವು. ನಸುಕಿನಲ್ಲಿ ಅಪ್ಪಯ್ಯ ಮತ್ತೆ ಕೊಡೆ ಹಿಡಿದು ನಿಂತರು, ಮಳೆ ಇಲ್ಲದಿದ್ದರೂ. ಪ್ಯಾನಲ್ ಒಂದೂವರೆ ವೋಲ್ಟ್ ದಾಟಿ ಸ್ವಲ್ಪ ಹೊತ್ತಿಗೆ ಒಳಗಿನ ರೆಫರೆನ್ಸ್ ಎದ್ದದ್ದನ್ನು ಹೇಳುವ ದೀಪ ಒಮ್ಮೆ ಮಿನುಗಿತು. ಈ ಸಲ ಮೀಟರಿನ ಮೊನೆ ತಾಗಿಸಿರಲಿಲ್ಲ. ಸೂರ್ಯ ಇನ್ನೂ ಗುಡ್ಡದ ಆಚೆಯೇ ಇದ್ದ.

"ಎರಡನೇ ಔಷಧಿ ಯಾವಾಗ ಹೊಡೆಯೂದು ಅಂತ ಇದು ಹೇಳ್ತದಾ ಈಗ?" ಎಂದರು ಅಪ್ಪಯ್ಯ. ಮಳೆ ಮತ್ತು ಒದ್ದೆಯ ಲೆಕ್ಕ ಹೇಳುತ್ತದೆ, ತೀರ್ಮಾನ ನಿಮ್ಮದೇ ಎಂದೆ. ಹಳೆಯ ಚಿಪ್ ಇರುವ ಬೋರ್ಡ್‌ಗಳು ಇನ್ನೂ ಕೆಲವು ಕಡೆ ಆ ಪಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತಿವೆ. ಮಳೆ ಮುಗಿದು ಕೊಯ್ಲು ಶುರುವಾಗುವ ಮೊದಲು ಅವನ್ನು ಬದಲಿಸಬೇಕು.